ಪದಚರ್ಚೆ: ಉಳುಮೆಯ ‘ವೇಗ’ ಅಂದರೆ ರೇಸೋ, ನಡೆಯೋ?

ಪ್ರಶ್ನೆ (ಬೀದರ್): ಡೀಸೆಲ್ ಉಳಿತಾಯದ ಕೈಪಿಡಿಯೊಂದರ ಕನ್ನಡದಲ್ಲಿ ‘ಉಳುವಾಗ ವೇಗ ತಗ್ಗಿಸಿದರೆ ಇಂಧನ ಉಳಿಯುತ್ತದೆ’ ಎಂದಿದೆ. ಡ್ರೈವರ್ ರೇಸ್ ಇಳಿಸಬೇಕೋ, ಗೇರ್ ಇಳಿಸಬೇಕೋ? ‘ವೇಗ’ಕ್ಕೆ ಬೇರೆ ಪದ ಉಂಟೇ? ಬಲ್ಲವರು ತಿಳಿಸಬೇಕು.

ಉತ್ತರ (ಸೇಡಂ): ಸರ್, ಆ ವಾಕ್ಯ ಹಾಗೇ ಅಚ್ಚಾಗಬಾರದು. ಟ್ರ್ಯಾಕ್ಟರಿಗೆ ವೇಗ ಎರಡು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು ಒಂದು. ನಮ್ಮ ಕಡೆ ಅದು ‘ರೇಸ್’. ಹೊಲದಲ್ಲಿ ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತದೆ ಅನ್ನೋದು ಇನ್ನೊಂದು. ಇದಕ್ಕೆ ‘ನಡೆ’ ಸಾಕು, ಎತ್ತಿನ ನಡೆ ಅಂದಂತೆ.

ಕುಂಟೆ ಹೊಡೆಯುವಂಥ ಹಗುರ ಕೆಲಸಕ್ಕೆ ಒಂದು ಗೇರ್ ಮೇಲೆ ಹಾಕಿ ರೇಸ್ ಇಳಿಸಬೇಕು. 2000 ಸುತ್ತಿಗೆ ಸಿಗುತ್ತಿದ್ದ ನಡೆಯೇ 1500ರ ಆಸುಪಾಸಿನಲ್ಲಿ ಸಿಗುತ್ತದೆ, ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲು ಸುಡುವ ಡೀಸೆಲ್ ಉಳಿಯುತ್ತದೆ. ಗೇರ್ ತೀರಾ ಮೇಲಾಯಿತೋ ಇಲ್ಲವೋ ನೋಡಲು ರೇಸ್ ಥಟ್ಟನೆ ಎತ್ತಿ. ಎಂಜಿನ್ ಕೂಡಲೇ ಏರಿದರೆ ಸರಿ. ಏರದೆ ಕಪ್ಪು ಹೊಗೆ ಉಗುಳಿದರೆ ಭಾರ ಹೆಚ್ಚಾಗಿದೆ, ಗೇರ್ ಇಳಿಸಿ. ರೋಟಾವೇಟರಿಗೆ ಈ ಉಪಾಯ ನಡೆಯದು: ಪಿಟಿಒ (ಟ್ರ್ಯಾಕ್ಟರಿನ ಹಿಂದೆ ಯಂತ್ರ ತಿರುಗಿಸುವ ದಂಡ) ನಿಮಿಷಕ್ಕೆ 540 ಸುತ್ತು ತಿರುಗಬೇಕು, ರೇಸ್ ಇಳಿಸಿದರೆ ಹೆಂಟೆ ಒಡೆಯುವುದಿಲ್ಲ.

ನಡೆಯ ಲೆಕ್ಕ ಬೇರೆ. ಎರೆ ಹೊಲದಲ್ಲಿ ಪಲ್ಟಿ ನೇಗಿಲಿನ ನಡೆ 5ರಿಂದ 8 ಕಿ.ಮೀ.ಗೆ ಏರಿದರೆ ಎಳೆತ (ನೇಗಿಲು ಎಳೆಯಲು ಬೇಕಾದ ಬಲ) ಸುಮಾರು ಕಾಲುಭಾಗ ಹೆಚ್ಚುತ್ತದೆ, ಯಾಕಂದರೆ ನೇಗಿಲು ಮಣ್ಣನ್ನು ಹೊರಳಿಸುವುದಷ್ಟೇ ಅಲ್ಲ, ದೂರ ಎಸೆಯುತ್ತದೆ. ಎಳೆತವನ್ನು ನಡೆಯಿಂದ ಗುಣಿಸಿದರೆ ಶಕ್ತಿ: 1.25 × 1.6 = 2. ನಡೆ ಒಂದೂವರೆಪಟ್ಟಿಗಿಂತ ತುಸು ಹೆಚ್ಚಾದದ್ದಕ್ಕೆ ಬೇಕಾದ ಶಕ್ತಿ ಇಮ್ಮಡಿ.

ಹಾಗಂತ ‘ಇಂಧನ ಬಳಕೆ ಹೆಚ್ಚುತ್ತದೆ’ ಎಂದಷ್ಟೇ ಬರೆದರೂ ಅರ್ಧ ಮಾತು. ಗಂಟೆಗೋ, ಎಕರೆಗೋ? ನಡೆ ಹೆಚ್ಚಿದರೆ ಗಂಟೆಯ ಲೀಟರ್ ಏರುತ್ತದೆ, ಆದರೆ ಕೆಲಸ ಬೇಗ ಮುಗಿಯುತ್ತದೆ. ಎಂಜಿನ್‌ಗೆ ಮೊದಲು ಸಾಕಷ್ಟು ಭಾರವೇ ಇರದಿದ್ದರೆ ಎಕರೆಯ ಲೀಟರ್ ಇಳಿಯಲೂಬಹುದು. ರೈತರಿಗೆ ಬೇಕಾದದ್ದು ಎಕರೆಯ ಲೆಕ್ಕ, ಅದನ್ನೇ ಬರೆಯಿರಿ.

ಕೈಪಿಡಿಯಲ್ಲಿ ‘ಸ್ಲಿಪ್’ ಇದ್ದರೆ ‘ಗಾಲಿ ಜಾರುವಿಕೆ’ ಅನ್ನಿ, ಅಳತೆಯನ್ನೂ ಕೊಡಿ. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು 10 ಸುತ್ತಿಗೆ ಸಾಗಿದ ದೂರ ಅಳೆಯಿರಿ. ಆಮೇಲೆ ಅದೇ ಹೊಲದಲ್ಲಿ ಉಳುತ್ತ 10 ಸುತ್ತು. 40 ಮೀಟರ್ ಇದ್ದದ್ದು 34ಕ್ಕೆ ಇಳಿದರೆ ಜಾರುವಿಕೆ ಶೇ 15. ಅದನ್ನು ಮೀರಿದರೆ ಟೈರ್ ಸವೆದು ಡೀಸೆಲ್ ಮಣ್ಣುಪಾಲು. ಆಗ ರೇಸ್ ಎತ್ತಿದರೆ ಇನ್ನೂ ಜಾರುತ್ತದೆ. ಆಳ ಕಡಿಮೆ ಮಾಡಬೇಕು, ಇಲ್ಲವೇ ಹಿಂದಿನ ಗಾಲಿಗೆ ತೂಕ ಕಟ್ಟಬೇಕು.