ನರರೋಗ ತಜ್ಞರನ್ನು ಕೇಳಿ: ಅರಿವಳಿಕೆ ಕೊಟ್ಟು ಇಇಜಿ ಏಕೆ?

ಸದಸ್ಯೆ, ಮಂಡ್ಯ: ಡಾಕ್ಟ್ರೇ, ನಮ್ಮಣ್ಣನ ಮಗನಿಗೆ 19 ವರ್ಷ. ವಾರಕ್ಕೆರಡು ಸಲ ಫಿಟ್ಸ್. ಮೊದಲು ಎಡಗೈ ಹೆಬ್ಬೆರಳು ಅದುರುತ್ತದೆ, ಆಮೇಲೆ ಬೀಳುತ್ತಾನೆ. ಎಂಆರ್‌ಐ ನಾರ್ಮಲ್. ಬೆಂಗಳೂರಿನಲ್ಲಿ ಅರಿವಳಿಕೆ ಮದ್ದು ಕೊಟ್ಟು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆಯುತ್ತಾರಂತೆ. ಮಲಗಿಸಿಬಿಟ್ಟರೆ ಫಿಟ್ಸ್ ಹೇಗೆ ಕಾಣುತ್ತದೆ?

ಡಾಕ್ಟರ್, ಮೈಸೂರು: ಇಲ್ಲಿ ಹುಡುಕುವುದು ಫಿಟ್ಸನ್ನಲ್ಲ, ಅದು ಹುಟ್ಟುವ ಜಾಗವನ್ನು. ಥಯೋಪೆಂಟಾಲ್‌ನಂಥ ಮದ್ದು ಕೊಟ್ಟಾಗ ಚೆನ್ನಾಗಿರುವ ಮಿದುಳಿನಲ್ಲಿ ಬೀಟಾ ಅಲೆಗಳು ಏಳುತ್ತವೆ, ಸೆಕೆಂಡಿಗೆ 13ಕ್ಕಿಂತ ಜಾಸ್ತಿ. ಕೆಟ್ಟ ಜಾಗದಲ್ಲಿ ಅವು ಸರಿಯಾಗಿ ಏಳುವುದಿಲ್ಲ. ಯೂರಿಯಾ ಎರಚಿದ ಮೇಲೆ ಗದ್ದೆಯೆಲ್ಲ ಹಸಿರಾಗಿ ಒಂದು ಮೂಲೆ ಮಾತ್ರ ಹಳದಿ ಉಳಿದರೆ, ಅಲ್ಲೇನೋ ಇದೆ ಅನ್ನುತ್ತೀರಲ್ಲ, ಹಾಗೆ. ಮೆಥೊಹೆಕ್ಸಿಟಾಲ್ ಬೇರೆ ಥರ. ಅದು ಫಿಟ್ಸ್ ಹುಟ್ಟುವ ಜಾಗದ ಚೂಪು ಅಲೆಗಳನ್ನು ಕೆಣಕಿ ಎಬ್ಬಿಸುತ್ತದೆ. ಎಡಗೈ ಅದುರಿದರೆ ಅನುಮಾನ ಮಿದುಳಿನ ಬಲಭಾಗದ ಮೇಲೆ. ಆದರೆ ಇದೊಂದನ್ನೇ ನಂಬಿ ಆ ಜಾಗ ತೆಗೆಯುವ ಆಪರೇಷನ್ ಮಾಡುವುದಿಲ್ಲ, ವಿಡಿಯೋ ಇಇಜಿಯೂ (ಫಿಟ್ಸ್ ಬರುವಾಗ ವಿಡಿಯೋ ಜೊತೆಗೆ ತೆಗೆಯುವ ಇಇಜಿ) ಅದನ್ನೇ ಹೇಳಬೇಕು. ಹುಡುಗ ಮಾತ್ರೆ ತಗೊಳ್ಳುತ್ತಿದ್ದಾನೆ ಅಲ್ವಾ?

ಸದಸ್ಯೆ, ಮಂಡ್ಯ: ಪರೀಕ್ಷೆಗೆ ಮಾತ್ರೆ ಇಳಿಸುತ್ತಾರೆ ಅಂದರು. ಅದಕ್ಕೆ ನಾಲ್ಕು ದಿನದಿಂದ ನಿಲ್ಲಿಸಿದ್ದೇವೆ.

ಡಾಕ್ಟರ್: ಅಯ್ಯೋ, ಹಾಗೆ ಮಾಡಬಾರದಿತ್ತು! ಇಳಿಸುವುದು ಆಸ್ಪತ್ರೆಯಲ್ಲಿ, ಕಣ್ಗಾವಲಲ್ಲಿ. ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು, ಜೀವಕ್ಕೇ ಅಪಾಯ. ಅವನ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಎಷ್ಟು ಡೋಸಿನಿಂದ ಶುರು ಅಂತ ಅವರೇ ಹೇಳಲಿ, ಕೆಲವು ಮಾತ್ರೆಗಳನ್ನು ಮತ್ತೆ ಕಡಿಮೆಯಿಂದಲೇ ಏರಿಸಬೇಕು. ಫಿಟ್ಸ್ 5 ನಿಮಿಷ ದಾಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಸದಸ್ಯ, ನಂಜನಗೂಡು: ಸರ್, ಇಇಜಿಗೆ ಅರಿವಳಿಕೆ ಬೇಕಾ? ಖರ್ಚೆಷ್ಟು?

ಡಾಕ್ಟರ್: ಮಾಮೂಲಿ ಇಇಜಿಗೆ ಬೇಡ. ತಲೆಗೆ ಎಣ್ಣೆ ಹಚ್ಚಬೇಡಿ, ಶಾಂಪೂ ಹಾಕಿ ತೊಳೆದು ಹೋಗಿ.

ಸದಸ್ಯ, ಹುಣಸೂರು: ಎಲ್ಲರಿಗೂ ಹಂಚಿ! ಫಿಟ್ಸ್ ಬಂದ ಕೂಡಲೇ ಕೈಗೆ ಕಬ್ಬಿಣದ ಬೀಗದ ಕೈ, ಮೂಗಿಗೆ ಈರುಳ್ಳಿ!

ಡಾಕ್ಟರ್: ಇದೇ ಮೆಸೇಜ್ ಇವತ್ತು ಮೂರನೇ ಸಲ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಹುಡುಕುವುದು ಬಿಟ್ಟು ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ತುರುಕಬೇಡಿ.

ಸದಸ್ಯ, ಹುಣಸೂರು: ನಮ್ಮಜ್ಜಿ ಕಾಲದಿಂದ ಮಾಡಿದ್ದೇವೆ.

ಸದಸ್ಯೆ, ಶ್ರೀರಂಗಪಟ್ಟಣ: ಅಣ್ಣಾ, ನಮ್ಮ ಮನೆಯಲ್ಲೂ ಅದನ್ನೇ ನಂಬಿದ್ದರು. ಬಾಯಿಗೆ ಚಮಚ ತುರುಕಿ ನನ್ನ ತಂಗಿಯ ಮುಂದಿನ ಹಲ್ಲು ಮುರಿದರು. ದಯವಿಟ್ಟು ಅಳಿಸಿ.

ಸದಸ್ಯ, ಹುಣಸೂರು: ನಾನು ಚಮಚ ಅಂದೆನಾ? ಸುಮ್ನೆ ಮೈಮೇಲೆ ಬರಬೇಡಿ.

ಸದಸ್ಯ, ಮದ್ದೂರು: ಫಿಟ್ಸ್ ಇದ್ದವರು ಬೈಕ್ ಓಡಿಸಬಹುದಾ?

ಸದಸ್ಯ, ಪಾಂಡವಪುರ: ಡಾಕ್ಟ್ರೇ, ಇಇಜಿಗೆ ಅರಿವಳಿಕೆ ಕೊಡುತ್ತಾರಾ?

ಡಾಕ್ಟರ್: ಮೇಲೆ ಓದಿ. ಮಂಡ್ಯದವರೇ, ಫೋನ್ ಮಾಡಿದಿರಾ?

ಸದಸ್ಯೆ, ಮಂಡ್ಯ: ಮಾಡಿದೆವು. ಅರ್ಧ ಮಾತ್ರೆಯಿಂದ ಶುರು. ಈಗಷ್ಟೇ ನುಂಗಿದ.