ಟ್ರಿಪ್ಟೊಫ್ಯಾನ್ ಇದೆ ಅಂತ ಅಪ್ಪನಿಗೆ ಮೊಟ್ಟೆ ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮಪ್ಪನಿಗೆ 61. ಅಂಗಾಲಿನ ಕಪ್ಪು ಮಚ್ಚೆಯನ್ನ ಆಣಿ ಅಂದ್ಕೊಂಡು ಎರಡು ವರ್ಷ ಬ್ಲೇಡಲ್ಲಿ ಕೆರೆದುಕೊಂಡೇ ಇದ್ದರು. ಬಯಾಪ್ಸಿಯಲ್ಲಿ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಬಂತು, ಈಗ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಚಿಕಿತ್ಸೆ) ನಡೀತಿದೆ. ಟ್ರಿಪ್ಟೊಫ್ಯಾನ್ ಅನ್ನೋ ಅಮೈನೊ ಆಮ್ಲದಿಂದ ಗೆಡ್ಡೆ ಬೆಳೆಯುತ್ತೆ, ಹಾಲು, ಮೊಟ್ಟೆ, ಬೇಳೆ ಬಿಡಿಸಿ ಅಂತ ವಾಟ್ಸಾಪಲ್ಲಿ ಬಂದಿದೆ. ಅಮ್ಮ ಆಗಲೇ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡ್ತಿದ್ದಾರೆ. ಸರಿನಾ?

ಉತ್ತರ: ಅಮ್ಮನಿಗೆ ಹೇಳಿ, ನಾಳೆ ಬೆಳಿಗ್ಗೆಯೇ ಮೊಟ್ಟೆ ಬೇಯಿಸಲಿ.

ಆ ಮೆಸೇಜಲ್ಲಿ ಟ್ರಿಪ್ಟೊಫ್ಯಾನ್ ಹೆಸರೊಂದು ಸರಿಯಾಗಿದೆ, ಉಳಿದದ್ದು ತಲೆಕೆಳಗು. ಗೆಡ್ಡೆಯೊಳಗೆ ನುಗ್ಗಿದ ಟಿ ಕೋಶಗಳು, ಅಂದ್ರೆ ದೇಹದ ಕಾವಲು ಕಾಯೋ ಬಿಳಿ ರಕ್ತಕಣಗಳು, ಇಂಟರ್‌ಫೆರಾನ್ ಗಾಮಾ ಅನ್ನೋ ಸಂಕೇತ ವಸ್ತು ಸುರಿಸುತ್ತವೆ. ಅದು ದಾಳಿಯ ಕೂಗು. ಆ ಕೂಗು ಕಿವಿಗೆ ಬಿದ್ದದ್ದೇ ಮೆಲನೋಮಾ ಕೋಶ ಐಡಿಓ1 ಅನ್ನೋ ಕಿಣ್ವ ತಯಾರಿಸಿಕೊಳ್ಳುತ್ತೆ. ಈ ಕಿಣ್ವ ಅಲ್ಲೇ ಸುತ್ತಮುತ್ತ ಇರೋ ಟ್ರಿಪ್ಟೊಫ್ಯಾನನ್ನ ಒಡೆದು ಕೈನ್ಯುರೆನಿನ್ ಅನ್ನೋ ಬೇರೆ ವಸ್ತುವಿನ ಕಡೆಗೆ ಸಾಗಿಸುತ್ತೆ. ಟ್ರಿಪ್ಟೊಫ್ಯಾನ್ ಸಿಗದೆ ಟಿ ಕೋಶ ಸೊರಗುತ್ತೆ, ಮೇಲಿಂದ ಕೈನ್ಯುರೆನಿನ್ ಅದನ್ನ ಮಂಕು ಮಾಡುತ್ತೆ. ಅಂದ್ರೆ ಟ್ರಿಪ್ಟೊಫ್ಯಾನ್ ಬೇಕಾಗಿರೋದು ನಿಮ್ಮಪ್ಪನ ಟಿ ಕೋಶಗಳಿಗೆ. ಮೆಸೇಜ್ ಬರೆದ ಪುಣ್ಯಾತ್ಮರು ಕಳ್ಳ ಬಂದಿದ್ದಾನೆ ಅಂತ ಕಾವಲುಗಾರನ ಊಟ ನಿಲ್ಲಿಸಿದ್ದಾರೆ!

ಈ ಉಪಾಯ ಗೆಡ್ಡೆ ತಾನೇ ಕಂಡುಹಿಡಿದದ್ದೂ ಅಲ್ಲ. 1998ರಲ್ಲಿ ಮನ್ ಮತ್ತು ಮೆಲ್ಲರ್ ಅವರ ತಂಡ ಬಸುರಿ ಇಲಿಗಳಲ್ಲಿ ಇದೇ ಐಡಿಓ ಕಿಣ್ವವನ್ನ ತಡೆದು ನೋಡಿತು. ತಂದೆ ಬೇರೆ ತಳಿಯವನಾಗಿದ್ದರೆ, ತಾಯಿಯ ಟಿ ಕೋಶಗಳು ಭ್ರೂಣವನ್ನೇ ಪರಕೀಯ ಅಂತ ಹೊರದಬ್ಬಿದವು. ಮಗು ಉಳಿಸೋಕೆ ಇರೋ ವ್ಯವಸ್ಥೆಯನ್ನೇ ಕ್ಯಾನ್ಸರ್ ಕದ್ದಿದೆ.

ಮತ್ತೊಬ್ಬ ಸದಸ್ಯರು: ಹಾಗಾದ್ರೆ ಐಡಿಓ1 ತಡೆಯೋ ಮಾತ್ರೆ ಕೊಡಬಹುದಲ್ವಾ ಸರ್?

ಉತ್ತರ: ನಾವೂ ಅದೇ ಆಸೆ ಇಟ್ಕೊಂಡಿದ್ದೆವು. ಎಪಕಾಡೊಸ್ಟಾಟ್ ಅನ್ನೋ ಮಾತ್ರೆಯನ್ನ ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೊಥೆರಪಿ ಔಷಧದ ಜೊತೆ ಕೊಟ್ಟು 706 ಮೆಲನೋಮಾ ರೋಗಿಗಳಲ್ಲಿ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಬಂತು. ರೋಗ ಉಲ್ಬಣಿಸದೆ ನಿಂತ ಅವಧಿ, ಮಧ್ಯಂಕದಲ್ಲಿ, ಮಾತ್ರೆ ತಗೊಂಡವರಲ್ಲಿ 4.7 ತಿಂಗಳು, ಮಾತ್ರೆಯಿಲ್ಲದೆ ಪೆಂಬ್ರೊಲಿಜುಮ್ಯಾಬ್ ತಗೊಂಡವರಲ್ಲಿ 4.9. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಮಕಾಡೆ ಮಲಗಿತು. ಟಿಡಿಓ ಅನ್ನೋ ಇನ್ನೊಂದು ಕಿಣ್ವವೂ ಇದೇ ಕೆಲಸ ಮಾಡುತ್ತೆ, ಒಂದು ಬಾಗಿಲು ಮುಚ್ಚಿದ್ದು ಸಾಲಲಿಲ್ಲವೇನೋ.

ಮೊದಲು ಕೇಳಿದವರು: ಅಮ್ಮ ಒಪ್ಪಿದ್ರು ಸರ್. ಆದ್ರೆ ಎರಡು ದಿನದಿಂದ ಅಪ್ಪನಿಗೆ ಭೇದಿ, ದಿನಕ್ಕೆ ಐದಾರು ಸಲ. ಗಂಜಿಯಿಂದಾನಾ?

ಉತ್ತರ: ಗಂಜಿ ವಿಷಯ ಬಿಡಿ. ಇಮ್ಯುನೊಥೆರಪಿಯಿಂದ ಟಿ ಕೋಶಗಳು ಕರುಳಿನ ಮೇಲೂ ತಿರುಗಿ ಬೀಳಬಹುದು. ಮೆಂತ್ಯ, ಮಜ್ಜಿಗೆ ಅಂತ ಕಾಯಬೇಡಿ, ಭೇದಿ ನಿಲ್ಲೋ ಮಾತ್ರೆ ನೀವೇ ತಂದು ಕೊಡಬೇಡಿ. ಚಿಕಿತ್ಸೆ ಕೊಡ್ತಿರೋ ಡಾಕ್ಟರಿಗೆ ಈಗಲೇ ಫೋನ್ ಮಾಡಿ.