ಅಪ್ಪ ಅಮ್ಮನ ಮನೆಯ ಲ್ಯಾಂಡ್‌ಲೈನ್ ತೆಗೆಸಬೇಕಾ, ಇಟ್ಟುಕೊಳ್ಳಬೇಕಾ?

ಬಸವನಗುಡಿಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಅಪ್ಪನಿಗೆ 79, ಅಮ್ಮನಿಗೆ 73. ನಾನಿರುವುದು ವೈಟ್‌ಫೀಲ್ಡಿನಲ್ಲಿ. ಅವರ ಮನೆಯ ಲ್ಯಾಂಡ್‌ಲೈನಿಗೆ ಹೆಚ್ಚೂ ಕಡಿಮೆ ನನ್ನಷ್ಟೇ ವಯಸ್ಸು. ನಂಬರ್ ಏಳು ಅಂಕಿ ಇದ್ದ ಕಾಲದ್ದು, ಆಮೇಲೆ ಮುಂದೆ 2 ಸೇರಿತು. ಈಗ ಆರು ತಿಂಗಳಿಂದ ಲೈನಿನಲ್ಲಿ ಬರೀ ಕರಕರ ಸದ್ದು. ತಾಮ್ರದ ತಂತಿ ಬಿಟ್ಟು ಫೈಬರ್ ಹಾಕಿಸಿಕೊಳ್ಳಿ, ಇಲ್ಲಾಂದ್ರೆ ಸರೆಂಡರ್ ಮಾಡಿ ಎಂದು ಫೋನ್ ಕಂಪನಿಯವರು ಹೇಳಿದ್ದಾರೆ. ಇಬ್ಬರ ಹತ್ತಿರವೂ ಮೊಬೈಲ್ ಇದೆ, ಸುಮ್ನೆ ಯಾಕೆ ದುಡ್ಡು ದಂಡ ಅಂತಾನೆ ತಮ್ಮ. ಅಮ್ಮ ಮಾತ್ರ ತೆಗೆಸಬೇಡಿ ಅನ್ನುತ್ತಾಳೆ. ಯಾಕೆ ಅಂದ್ರೆ "ಇರಲಿ ಬಿಡು" ಅಷ್ಟೇ. ಇಂಥ ತೀರ್ಮಾನ ತಗೊಂಡವರು ಯಾರಾದರೂ ಇದ್ದರೆ ದಯವಿಟ್ಟು ಅನುಭವ ಹೇಳಿ.

ವಿಜಯನಗರದಿಂದ:

ತೆಗೆಸಬೇಡಿ. ನಾವು ತೆಗೆಸಿ ಒಂಬತ್ತು ತಿಂಗಳು ಒದ್ದಾಡಿದೆವು.

ನಮ್ಮ ಅತ್ತೆಗೆ 81. ಮಾವ ಹೋದ ಮೇಲೆ ರಾಜಾಜಿನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ, ಅಲ್ಲಿಂದ ಬರಲು ಒಪ್ಪುವುದಿಲ್ಲ. ಮೂರು ವರ್ಷದ ಹಿಂದೆ ನಾವೂ ನಿಮ್ಮ ತಮ್ಮನ ಹಾಗೇ ಯೋಚಿಸಿದೆವು. ಒಳ್ಳೆಯ ಸ್ಮಾರ್ಟ್‌ಫೋನ್ ತಂದುಕೊಟ್ಟು ಲ್ಯಾಂಡ್‌ಲೈನ್ ಸರೆಂಡರ್ ಮಾಡಿದೆವು. ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ವಯಸ್ಸಾದವರ ಬೆರಳು ಒಣಗಿರುತ್ತದೆ, ಮುಟ್ಟಿದರೂ ಸ್ಕ್ರೀನಿಗೆ ಗೊತ್ತಾಗುವುದಿಲ್ಲ. ಕರೆ ಬಂದಾಗ ಆ ಹಸಿರು ಗುರುತನ್ನು ಮೇಲಕ್ಕೆ ಎಳೆಯಬೇಕು, ಇವರು ಗುಂಡಿ ಅಂದುಕೊಂಡು ಒತ್ತುತ್ತಾರೆ. ಆಗಲಿಲ್ಲ ಅಂದ್ರೆ ಸೆರಗಿನ ತುದಿಯಲ್ಲಿ ಗಾಜು ಒರೆಸುತ್ತಾರೆ, ಇನ್ನೂ ಜೋರಾಗಿ ಒತ್ತುತ್ತಾರೆ. ಅಷ್ಟರಲ್ಲಿ ಕರೆ ಕಟ್. ನಾನು ಎದುರಿಗೇ ಕೂತು ನೋಡಿದ್ದೇನೆ. ಅವರ ಮುಖ ಸಣ್ಣದಾಗುತ್ತಿತ್ತು. ಜೀವನಪೂರ್ತಿ ಮನೆ ನಡೆಸಿದವರಿಗೆ ಒಂದು ಫೋನ್ ಎತ್ತಲು ಬರುವುದಿಲ್ಲ ಅನ್ನಿಸುವ ಹಾಗೆ ಮಾಡಿದ್ದು ನಾವೇ ಅಲ್ವಾ?

ಒಂದು ಸಂಜೆ ಹದಿನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಟೋ ಹಿಡಿದು ಓಡಿದೆ. ದಾರಿಯಲ್ಲಿ ಏನೇನೋ ಯೋಚನೆ. ಬಾಗಿಲು ತೆಗೆದವರು ಅತ್ತೆಯೇ, "ಯಾಕಮ್ಮಾ, ಏನಾಯ್ತು?" ಅಂತ ಅವರೇ ಗಾಬರಿಯಾದರು. ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರಂತೆ. ಮೊಬೈಲ್ ದಿಂಬಿನ ಕೆಳಗಿತ್ತು, ಅಂಚಿನ ಗುಂಡಿ ಒತ್ತಿಹೋಗಿ ಸದ್ದು ನಿಂತಿತ್ತು. ಹಳೇ ಫೋನಿನ ಗಂಟೆ ಆಗಿದ್ದರೆ ಒಗೆಯುವ ಕಲ್ಲಿನ ತನಕ ಕೇಳಿಸುತ್ತಿತ್ತು.

ಮತ್ತೆ ಹಾಕಿಸಿದೆವು. ಆದರೆ ಹಳೇ ನಂಬರ್ ಸಿಗಲಿಲ್ಲ. ನನಗೆ ಇವತ್ತಿಗೂ ಬೇಜಾರು ಆಗುವುದು ಇದೇ ವಿಷಯಕ್ಕೆ. ಮೈಸೂರಿನಲ್ಲಿರುವ ಅವರ ಅಕ್ಕನಿಗೆ ಬಾಯಿಪಾಠ ಇದ್ದದ್ದು ಆ ಒಂದೇ ನಂಬರ್. ಏಕಾದಶಿ ಕಳೆದ ಮರುದಿನ ಬೆಳಿಗ್ಗೆ ತಪ್ಪದೆ ಫೋನ್ ಮಾಡುತ್ತಿದ್ದರು. ಹೊಸ ನಂಬರನ್ನು ಅವರ ಮಗನಿಗೆ ಕೊಟ್ಟೆವು, ಗೋಡೆಗೆ ಬರೆದು ಅಂಟಿಸಿದ್ದಾರೆ. ಆದರೂ ಅವರ ಬೆರಳು ಹಳೇ ನಂಬರಿಗೇ ಹೋಗುತ್ತದಂತೆ. ಈಗ ಮಗ ಮನೆಯಲ್ಲಿ ಇದ್ದ ದಿನ ಮಾತ್ರ ಅಕ್ಕ ತಂಗಿಯರ ಮಾತು. ಮೊಬೈಲ್ ನಂಬರಾದರೆ ಬೇರೆ ಕಂಪನಿಗೆ ಪೋರ್ಟ್ ಮಾಡಿಸಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಸರೆಂಡರ್ ಅರ್ಜಿಗೆ ಸಹಿ ಹಾಕುವ ಮುಂಚೆ ಆ ನಂಬರ್ ಯಾರ ಯಾರ ನೆನಪಿನಲ್ಲಿದೆ ಅಂತ ಅಮ್ಮನನ್ನು ಕೇಳಿ.

ಈಗ ಅತ್ತೆಯ ಮಂಚದ ಪಕ್ಕ ಒಂದು ಸ್ಟೂಲ್, ಅದರ ಮೇಲೆ ದೊಡ್ಡ ಗುಂಡಿಗಳ ಫೋನ್. ಮೆಮೊರಿ ಗುಂಡಿಗಳಲ್ಲಿ ನನ್ನದು, ಮಗನದು, ಡಾಕ್ಟರದು ಹಾಕಿಟ್ಟಿದ್ದೇವೆ. ಪಕ್ಕದಲ್ಲಿ 112 ಮತ್ತು 108 ದಪ್ಪಗೆ ಬರೆದ ಚೀಟಿ. ಒಂದು ವಿಷಯ ನೆನಪಿರಲಿ: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಬೇಕಾದರೆ ಮುಂದೆ ಸೊನ್ನೆ ಹಾಕಲೇಬೇಕು. ಅತ್ತೆ ಅದನ್ನು ಮರೆಯುತ್ತಿದ್ದರು. ಈಗ ಮೆಮೊರಿಯಲ್ಲೇ ಸೊನ್ನೆ ಸೇರಿಸಿ ಇಟ್ಟ ಮೇಲೆ ಆ ಚಿಂತೆ ಇಲ್ಲ.

ಎಚ್‌ಎಸ್‌ಆರ್ ಲೇಔಟಿನಿಂದ:

ನಾವು ತೆಗೆಸಿದೆವು, ಏನೂ ಕಷ್ಟ ಆಗಲಿಲ್ಲ. ಮನೆಯಲ್ಲಿ ನಾವಿಬ್ಬರು, ಒಂದು ಮಗು. ಲ್ಯಾಂಡ್‌ಲೈನಿಗೆ ಬರುತ್ತಿದ್ದದ್ದು ಬರೀ ಸಾಲ ಬೇಕಾ, ಕಾರ್ಡ್ ಬೇಕಾ ಎಂಬ ಕರೆಗಳು. 1909ಕ್ಕೆ ಹೇಳಿ ಇಂಥ ಕರೆ ತಡೆಯುವ ಡಿಎನ್‌ಡಿ ಹಾಕಿಸಿದರೂ ಪೂರ್ತಿ ನಿಲ್ಲಲಿಲ್ಲ. ಒಳಗಿನ ರೂಮಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ ಮೇಲೆ ಅದೂ ಸರಿಹೋಯಿತು. ತೆಗೆಸುವುದಾದರೆ ಬ್ಯಾಂಕು, ಗ್ಯಾಸು, ಇನ್ಶೂರೆನ್ಸ್ ಎಲ್ಲ ಕಡೆ ಮೊದಲು ನಂಬರ್ ಬದಲಾಯಿಸಿ, ಡೆಪಾಸಿಟ್ ವಾಪಸ್ ಕೇಳಿ. ಆದರೆ ನಿಮ್ಮ ಮನೆಯ ಪರಿಸ್ಥಿತಿಯೇ ಬೇರೆ. ನಮ್ಮ ಮನೆ ನೋಡಿ ತೀರ್ಮಾನ ಮಾಡಬೇಡಿ.

ಕೆ.ಆರ್. ಪುರದಿಂದ:

ನಾನು ಲೈನ್ ಕೆಲಸ ಮಾಡಿ ನಿವೃತ್ತನಾದವನು. ಕಂಬ, ಪಿಲ್ಲರ್, ಡಿಪಿ ಬಾಕ್ಸ್ ಇವುಗಳಲ್ಲೇ ನನ್ನ ಸರ್ವೀಸ್ ಕಳೆಯಿತು. ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ.

ಲ್ಯಾಂಡ್‌ಲೈನ್ ಕರೆಂಟ್ ಹೋದರೂ ನಡೆಯುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ತಾಮ್ರದ ಲೈನಿಗೆ ಅದು ನಿಜ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ಎರಡು ತಂತಿಯಲ್ಲಿ ನಿಮ್ಮ ಮನೆಗೆ ಬರುತ್ತದೆ. ಫೋನಿಗೆ ಬೇರೆ ಕರೆಂಟೇ ಬೇಡ. ರಾತ್ರಿಯೆಲ್ಲ ಮಳೆ ಬಂದು ಇಡೀ ಬೀದಿ ಕತ್ತಲಾದಾಗಲೂ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು. ಫೈಬರ್ ಅಂದ್ರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಮನೆಯಲ್ಲಿ ಹಾಕುವ ಮೋಡೆಮ್ ನಿಮ್ಮ ಮನೆಯ ಕರೆಂಟಿನಲ್ಲಿ ನಡೆಯುತ್ತದೆ. ಕರೆಂಟ್ ಹೋದ ತಕ್ಷಣ ಇಂಟರ್ನೆಟ್ ಜೊತೆ ಫೋನೂ ಹೋಗುತ್ತದೆ. ಇದನ್ನು ಹಾಕಲು ಬಂದ ಹುಡುಗರು ಹೇಳುವುದಿಲ್ಲ. ವಯಸ್ಸಾದವರ ಮನೆಯಲ್ಲಿ ಇದು ಗೊತ್ತಿಲ್ಲದೇ ಇದ್ದರೆ ಕಷ್ಟ.

ಹಾಗಂತ ಹಳೇ ತಂತಿಗೇ ಅಂಟಿಕೊಳ್ಳಿ ಅಂತ ಹೇಳಲಾರೆ. ನಿಮ್ಮ ಲೈನಿನ ಕರಕರ ಸದ್ದು ಸಾಮಾನ್ಯವಾಗಿ ಜಾಯಿಂಟಿನಲ್ಲಿ ನೀರು ಇಳಿದಾಗ ಬರುವಂಥದ್ದು. ರಸ್ತೆ ಅಗೆದಾಗ ಕೇಬಲ್ ಕತ್ತರಿಸಿ, ಗಡಿಬಿಡಿಯಲ್ಲಿ ಸೇರಿಸಿ ಮುಚ್ಚಿರುತ್ತಾರೆ. ಬಿಸಿಲಿಗೆ ಸರಿಯಾಗುತ್ತದೆ, ಮಳೆಗೆ ಮತ್ತೆ ಶುರು. ಈಗ ಭೂಮಿಯೊಳಗೆ ಇಳಿದು ಒಂದೊಂದು ಜೋಡಿ ತಂತಿ ಹುಡುಕಿ ಸೇರಿಸುವ ಜನವೂ ಕಡಿಮೆ. ಆ ಕೆಲಸ ಮಾಡಿದವನಾಗಿ ಹೇಳಲು ಸಂಕಟ ಆಗುತ್ತದೆ, ಆದರೆ ನಿಜ.

ಆದ್ದರಿಂದ ಫೈಬರ್ ಹಾಕಿಸಿ. ಹಳೇ ನಂಬರೇ ಉಳಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ ಆಮೇಲೆ ಒಪ್ಪಿಕೊಳ್ಳಿ. ಮೋಡೆಮ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ, ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಯೇ ಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಪಾಯಿಂಟಿಗೆ ಮೋಡೆಮ್ ಸೇರಿಸಿದರೂ ಸಾಕು. ಕಾರ್ಡ್‌ಲೆಸ್ ಫೋನ್ ತರಬೇಡಿ, ಅದರ ಬೇಸ್‌ಗೂ ಕರೆಂಟ್ ಬೇಕು. ತಂತಿಯ ಫೋನೇ ಇರಲಿ. ಎಲ್ಲ ಜೋಡಿಸಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ನಿಮ್ಮ ಮೊಬೈಲಿನಿಂದ ಒಂದು ಕರೆ ಮಾಡಿ. ಗಂಟೆ ಬಾರಿಸಿದರೆ ಮಾತ್ರ ಹಾಕಿದವರನ್ನು ಕಳಿಸಿ.

ನಿಮ್ಮ ಮನೆಯಲ್ಲಿ ಬೆರಳು ಹಾಕಿ ತಿರುಗಿಸುವ ಹಳೇ ಕಪ್ಪು ಫೋನ್ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ನಮ್ಮ ದೂರವಾಣಿನಗರದ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ತಯಾರಾದದ್ದೇ ಇರಬಹುದು. 1948ರಲ್ಲಿ ಶುರುವಾದ ಕಾರ್ಖಾನೆ, ಈ ಕಡೆಯ ಎಷ್ಟೋ ಮನೆಗಳು ಅದರಿಂದಲೇ ಬದುಕಿದವು. ಆದರೆ ಬಹಳಷ್ಟು ಮೋಡೆಮ್‌ಗಳಿಗೆ ಆ ಡಯಲ್ ಅರ್ಥವಾಗುವುದಿಲ್ಲ. ಗುಂಡಿಯ ಫೋನ್ ಬೇರೆ ಕೊಳ್ಳಬೇಕಾಗುತ್ತದೆ.

ಜಯನಗರದಿಂದ:

ಒಂದೇ ಮಾತು. ಲ್ಯಾಂಡ್‌ಲೈನ್ ಇದೆ ಅಂತ ಮೊಬೈಲ್ ಬಿಡಿಸಬೇಡಿ. ನಮ್ಮ ತಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದಾಗ ಫೋನ್ ಹಾಲ್‌ನಲ್ಲಿ ಬಡಿದುಕೊಳ್ಳುತ್ತಲೇ ಇತ್ತು, ಅವರಿಗೆ ಕೇಳಿಸುತ್ತಿತ್ತು, ಹೋಗಲು ಆಗಲಿಲ್ಲ. ಈಗ ಗುಂಡಿಯ ಸಣ್ಣ ಮೊಬೈಲನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ, ಸ್ನಾನಕ್ಕೆ ಹೋದಾಗ ಒಳಗೇ ಮೊಳೆಗೆ ನೇತುಹಾಕುತ್ತಾರೆ. ಎರಡೂ ಇರಲಿ.

ಬಸವನಗುಡಿ ಮನೆಯವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಜಯನಗರದವರು ಹೇಳಿದ ಹಾಗೆ ನಿನ್ನೆ ಅಮ್ಮನ ಪಕ್ಕ ಕೂತು ನಿಧಾನವಾಗಿ ಕೇಳಿದೆ. ಮೊಬೈಲ್ ಯಾಕೆ ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ನೀನು ಹೆಸರೆಲ್ಲಾ ಇಂಗ್ಲಿಷಿನಲ್ಲಿ ಹಾಕಿಕೊಟ್ಟಿದ್ದೀಯ. ನನಗೆ ಓದೋಕೆ ಬರಲ್ಲ. ನಂಬರ್ ಎಲ್ಲಾ ಗೊತ್ತು, ಅದಕ್ಕೇ ಆ ಫೋನೇ ನನಗೆ ಸುಲಭ." ನಾಲ್ಕು ವರ್ಷದಿಂದ ಆ ಮೊಬೈಲ್ ಅವಳ ಹತ್ತಿರ ಇದೆ, ನಾನು ಒಂದು ದಿನವೂ ಕೇಳಿರಲಿಲ್ಲ.

ಫೈಬರ್‌ಗೆ ಹೇಳಿದ್ದೇನೆ, ನಂಬರ್ ಅದೇ ಇರುತ್ತದೆ ಎಂದು ಮೆಸೇಜಿನಲ್ಲಿ ಬರೆಸಿಕೊಂಡೆ. ಶನಿವಾರ ಬರುತ್ತಾರೆ. ಯುಪಿಎಸ್ ತಂದಿಟ್ಟಿದ್ದೇನೆ. ಮೊಬೈಲಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಹಾಕುತ್ತಿದ್ದೇನೆ, ಅಮ್ಮ ಪಕ್ಕದಲ್ಲಿ ಕೂತು ಒಂದೊಂದೇ ನಂಬರ್ ಹೇಳುತ್ತಿದ್ದಾಳೆ. ಇಪ್ಪತ್ತಾರು ಆಯಿತು, ಇನ್ನೂ ಇವೆಯಂತೆ.